ಗೊತ್ತಿಲ್ಲ ಎಂದ ರೇಡಿಯೋ

ಮಾನ್ಯ ಅಧ್ಯಕ್ಷರಾದ ಒಪೊಂಡೊ ಅವರೇ, ಕಿಸುಮುವಿನಿಂದ ಬಂದ ಅತಿಥಿಗಳೇ, ಓಮೆನಾ ಮೀನು ಒಣಹಾಕುವುದನ್ನು ಅರ್ಧಕ್ಕೇ ಬಿಟ್ಟು ಬಂದ ತಾಯಂದಿರೇ, ದೋಣಿಯ ಅಣ್ಣಂದಿರೇ, ಸಭಿಕರೇ,

ಶಾಲೆಯನ್ನು ಅರ್ಧಕ್ಕೇ ಬಿಟ್ಟ ಈ ಒಗಾಡನ ಕೈಗೆ ಮೈಕ್ ಕೊಟ್ಟಿದ್ದೀರಿ. ಮರಳಿ ಪಡೆಯುವುದು ಕಷ್ಟ. ಫಲಕದ ಮೇಲಿರುವುದನ್ನು ಈಗಷ್ಟೇ ಓದಿದೆ: 'ಬಿರುಗಾಳಿಯ ಮುನ್ಸೂಚನೆ ಕೊಟ್ಟು ಹನ್ನೊಂದು ದೋಣಿ ಉಳಿಸಿದ ನಮ್ಮ ರೇಡಿಯೋ ಹುಡುಗ.' ಜೊತೆಗೆ ಕಾಯಂ ಕೆಲಸವೂ ಇದೆಯಂತೆ. ನನಗೆ ಎರಡೂ ಬೇಕು. ಬೇಡ ಎಂದರೆ ಸುಳ್ಳಾಗುತ್ತದೆ. ಆದರೆ ಫಲಕದಲ್ಲಿರುವುದೂ ಸುಳ್ಳೇ. ಏನು ಮಾಡಲಿ?

ಶಾಲೆ ಬಿಟ್ಟದ್ದೂ ಇಂಥದೇ ಕಾರಣಕ್ಕೆ. ಉತ್ತರ ಪತ್ರಿಕೆಯ ಮೇಲ್ಗಡೆ 'ಈ ಪ್ರಶ್ನೆಗಳನ್ನು ನಿನ್ನೆಯೇ ನೋಡಿದ್ದೇನೆ' ಎಂದು ಬರೆದಿದ್ದೆ. ಹೆಡ್‌ಮಾಸ್ಟರು, "ಇಡೀ ಶಾಲೆ ನೋಡಿದೆ ಕಣೋ, ಬರೆದವನು ನೀನೊಬ್ಬನೇ" ಎಂದು ಮನೆಗೆ ಕಳಿಸಿದರು. ಇರಲಿ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ಗಣಿತದ ಅಗುಟು ಟೀಚರ್ ಹದಿನೆಂಟು ವರ್ಷದ ಹಿಂದೆ ಗಾಳಿಯ ಲೆಕ್ಕ ಹಾಕುವ ಪ್ರೋಗ್ರಾಂ ಬರೆದರು. ಅದು ನಮ್ಮ ರೇಡಿಯೋ ಕೋಣೆಯ ಲಿನಕ್ಸ್ ಕಂಪ್ಯೂಟರಿನಲ್ಲಿದೆ. ದಿನಾ ಸಂಜೆ ನಾಲ್ಕು ಗಂಟೆಗೆ ಅದು ಹೇಳಿದ್ದನ್ನು ನಾನು ಓದುತ್ತೇನೆ, ನೀವು ದೋಣಿ ಬಿಡುತ್ತೀರಿ. ಟೀಚರ್ ಬರೆದದ್ದನ್ನು ಯಂತ್ರದ ಮಾತಾಗಿ ಮಾಡಿಕೊಡುವುದು ಕಂಪೈಲರ್. ಅದು ಹಳತಾಗಿತ್ತು. ಬಿರುಗಾಳಿಯ ದಿನ ಹೊಸದನ್ನು ಹಾಕಿದೆ. ಯಾಕೆ? ಹೊಸದು ಎಂಬ ಒಂದೇ ಕಾರಣಕ್ಕೆ. ಜಾಗ ಸಾಲದೆ ಹಳೆಯದನ್ನು ಅಳಿಸಿದೆ. ಆಮೇಲೆ ಹಬ್ಬದ ಕುಣಿತದಲ್ಲಿ ನಾವೆಲ್ಲ ಮಾಡುವುದನ್ನೇ ಮಾಡಿದೆ: ಹಾಡು ನಿಲ್ಲಿಸಿ, ಮೈಕಿನಲ್ಲಿ ನನ್ನನ್ನು ನಾನೇ ಹೊಗಳಿಕೊಂಡೆ. "ನಾನು ಒಗಾಡ, ಸರೋವರದ ಗಂಡು ಹಿಪ್ಪೋ, ಇವತ್ತಿಂದ ನಿಮ್ಮ ಗಾಳಿ ನನ್ನ ಹೊಸ ಕಂಪೈಲರಿಂದು!" ಹೊಸದರಲ್ಲಿ ಪ್ರೋಗ್ರಾಂ ಕಟ್ಟಿ, ಅಂದರೆ ಯಂತ್ರದ ಮಾತಾಗಿಸಿ, ನೋಡಿರಲಿಲ್ಲ. ಹೊಗಳಿಕೆ ಮೊದಲು, ಕೆಲಸ ಆಮೇಲೆ. ನಮ್ಮೂರಲ್ಲದೆ ಇದು ಇನ್ನೆಲ್ಲಿ?

ಕಟ್ಟಲು ಹೋದರೆ ಇನ್ನೂರ ಹದಿನಾಲ್ಕು ತಪ್ಪು. ಹಳೆಯದು ಕಂಡೂ ಕಾಣದಂತೆ ಬಿಟ್ಟದ್ದನ್ನೆಲ್ಲ ಹೊಸದು ಎತ್ತಿ ತೋರಿಸಿತು. ಹಳೆಯ ನಿಯಮದಲ್ಲೇ ಓದು ಎಂದು ಅದಕ್ಕೆ ಹೇಳಿದೆ, ಬಹಳಷ್ಟು ತಪ್ಪು ಹೋದವು. ಹಳೆಯ ಕಂಪೈಲರ್ ಕಟ್ಟಿಟ್ಟಿದ್ದ ಭಾಗಗಳು ಹೊಸದರ ಜೊತೆ ಸೇರಲೊಲ್ಲವು, ಅವನ್ನೂ ಮೊದಲಿನಿಂದ ಕಟ್ಟಿದೆ. ಅದು ಪರದೆಯ ಮೇಲೆ ತೋರಿಸುತ್ತಿದ್ದ ಉಳಿದ ಎಚ್ಚರಿಕೆಗಳ ಬಾಯಿ ಮುಚ್ಚಿಸಿದೆ. ನಾಲ್ಕಕ್ಕೆ ಎರಡೇ ನಿಮಿಷ. ಪ್ರೋಗ್ರಾಂ ಓಡಿತು, 'ಗಾಳಿ ಇಲ್ಲ' ಎಂದಿತು. ಓದಿಬಿಟ್ಟೆ.

ಕಿಟಕಿಯಾಚೆ ಒಣಹಾಕಿದ್ದ ಬಲೆ ಹಾರಾಡುತ್ತಿತ್ತು.

ಮತ್ತೆ ಓಡಿಸಿದೆ: ಗಾಳಿ ಇಲ್ಲ. ಇನ್ನೊಮ್ಮೆ: ಗಂಟೆಗೆ ನಾಲ್ಕು ಸಾವಿರ ಕಿಲೋಮೀಟರ್ ಗಾಳಿ. ಸಭಿಕರೇ, ಅಷ್ಟು ಗಾಳಿ ಬಂದರೆ ಅಧ್ಯಕ್ಷರೂ ಹಾರಿಹೋಗುತ್ತಾರೆ. ಹನ್ನೊಂದು ದೋಣಿ ಆಗಲೇ ಹೊರಟಿದ್ದವು. ಹಾಡು ನಿಲ್ಲಿಸಿ ಹೇಳಿದೆ: "ನಾನು ಓದಿದ್ದು ತಪ್ಪು. ಗಾಳಿ ಬರತ್ತೋ ಇಲ್ಲವೋ, ನಂಗೆ ಗೊತ್ತಿಲ್ಲ." ನನ್ನ ಮುನ್ಸೂಚನೆ ಇಷ್ಟೇ. ದೋಣಿಗಳಲ್ಲಿದ್ದ ಪುಟ್ಟ ರೇಡಿಯೋಗಳಲ್ಲಿ ಅದು ಕೇಳಿತು, ಹನ್ನೊಂದೂ ದಡಕ್ಕೆ ತಿರುಗಿದವು. ಆರು ಗಂಟೆಗೆ ಬಿರುಗಾಳಿ ಬಂತು.

ಮರುದಿನ ಟೀಚರ್ ಬಂದು, ನಾನು ಮುಚ್ಚಿದ್ದ ಎಚ್ಚರಿಕೆಗಳನ್ನು ಬಿಚ್ಚಿ ಒಂದೊಂದಾಗಿ ಓದಿದರು.

"ಮಗಾ, ಈ ಸಂಖ್ಯೆಗೆ ಆರಂಭದ ಬೆಲೇನೇ ನಾನು ಕೊಟ್ಟಿಲ್ಲ. ಹಳೇದರಲ್ಲಿ ಅದೃಷ್ಟಕ್ಕೆ ಸೊನ್ನೆ ಸಿಗ್ತಿತ್ತು, ಹೊಸದರಲ್ಲಿ ಏನೇನೋ ಸಿಗ್ತಿದೆ."

"ಹಾಗಾದ್ರೆ ತಪ್ಪು ನಿಮ್ಮದಾ, ನನ್ನದಾ ಟೀಚರ್?"

"ಬರೆದದ್ದು ನಾನು, ಬಾಯಿ ಮುಚ್ಚಿಸಿದ್ದು ನೀನು. ಚಹಾ ಮಾಡು."

ದೋಣಿಯ ಒಬುಯಾ ಅಣ್ಣನನ್ನು ಯಾಕೆ ತಿರುಗಿದೆ ಎಂದು ಕೇಳಿದೆ. "ಹದಿನೆಂಟು ವರ್ಷ ಎಲ್ಲಾ ಗೊತ್ತು ಅಂತಿದ್ದ ರೇಡಿಯೋ ಗೊತ್ತಿಲ್ಲ ಅಂದುಬಿಡ್ತಲ್ಲ ಮಾರಾಯ, ಅದಕ್ಕೇ ಹೆದರಿದೆ" ಎಂದ.

ಈಗ ನನ್ನ ಹಾಡುಗಳನ್ನೆಲ್ಲ ಅಳಿಸಿ ಜಾಗ ಮಾಡಿ, ಹಳೆಯ ಕಂಪೈಲರನ್ನೂ ಮತ್ತೆ ತಂದು ಹೊಸದರ ಪಕ್ಕದಲ್ಲಿ ಕೂರಿಸಿದ್ದೇನೆ. ಎರಡರಲ್ಲೂ ಕಟ್ಟಿ ಉತ್ತರ ನೋಡುತ್ತೇನೆ. ಬೇರೆಬೇರೆ ಬಂದರೆ ಗೊತ್ತಿಲ್ಲ ಎಂದೇ ಓದುತ್ತೇನೆ. ಆದ್ದರಿಂದ ಅಧ್ಯಕ್ಷರೇ, ಫಲಕವನ್ನು ತಿದ್ದಿಸಿ: 'ಗೊತ್ತಿಲ್ಲ ಎಂದ ಒಗಾಡ.' ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಹೊಳೆಯಲಿಲ್ಲ, ಹಿಪ್ಪೋವನ್ನು ಹಿಂತೆಗೆದುಕೊಂಡಿದ್ದೇನೆ.

ಗಂಟೆ ನಾಲ್ಕಾಯಿತು. ಇವತ್ತು ಎರಡೂ ಒಂದೇ ಮಾತು ಹೇಳಿವೆ: ಆರರ ನಂತರ ಜೋರು ಗಾಳಿ. ದೋಣಿ ಬಿಡಬೇಡಿ, ಉಗಾಲಿ ಮುದ್ದೆ ಬಿಸಿಯಾಗಿದೆ, ಕೂತು ಉಣ್ಣಿ. ಇಷ್ಟೆಲ್ಲ ಕೇಳಿದ ಮೇಲೆ ಆ ಕಾಯಂ ಕೆಲಸ ಕೊಡುವಿರೋ ಇಲ್ಲವೋ, ಅದೊಂದು ನನಗೆ ಗೊತ್ತಿಲ್ಲ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆ, ಟೀಚರಿಗೆ ಎರಡು ಸಲ. ನಮಸ್ಕಾರ.