ಮಾವನ ಡಿಸ್ಕು

ನಮ್ಮೂರಿನ ಓಶ್ ಬಜಾರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ನಮ್ಮ ಬೀದಿಯ ಬುರುಲಜ್ಜಿ ಮತ್ತು ಅವರ ಸೊಸೆ ಬೆಗಿಮಾಯ್ ಇದ್ದರು. ರಿಪೇರಿಯವನು ಆಗಷ್ಟೇ ಒಂದು ಹಾರ್ಡ್ ಡಿಸ್ಕನ್ನು ಸೊಸೆಯ ಕೈಗೆ ವಾಪಸು ಕೊಟ್ಟಿದ್ದ.

"ಏನಂತೆ?"

"ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಗುಟ್ಟಿನ ನಂಬರು ಕೇಳತ್ತಂತೆ, ಅತ್ತೆ. ಮಾವ ಅದನ್ನ ಎಲ್ಲೂ ಬರೆದಿಟ್ಟಿಲ್ಲ."

"ಊರೂರು ಸುತ್ತಿ ನಮ್ಮ ವಂಶದ ಹದಿನಾಲ್ಕು ತಲೆಮಾರಿನ ಹೆಸರು ಕೂಡಿಸಿದ್ರಲ್ಲೇ! ಎಲ್ಲಾ ಅದ್ರಲ್ಲೇ ತಾನೆ ಇರೋದು?"

"ಹ್ಞೂಂ. ಅವರ ಹಳೇ ಕಂಪ್ಯೂಟರಿಗೇ ಹಾಕಿದ್ರೆ ಏನೂ ಕೇಳದೇ ತೆರ್ಕೊಳತ್ತಂತೆ."

"ಆ ಕಂಪ್ಯೂಟರನ್ನ ಪದ್ಧತಿ ಪ್ರಕಾರ ಅವರ ಬಟ್ಟೆಬರೆ ಜೊತೆ, ಅವರು ಸತ್ತಾಗ ಕೊನೇ ಸ್ನಾನ ಮಾಡಿಸಿದೋರಿಗೆ ಕೊಟ್ಟಾಯ್ತಲ್ಲ. ಮತ್ತೆ ಅದ್ರೊಳಗಿನ ಈ ಡಿಸ್ಕು ನಿನ್ನ ಕೈಗೆ ಹೆಂಗೆ ಬಂತು?"

ಬೆಗಿಮಾಯ್ ತಲೆ ತಗ್ಗಿಸಿದಳು.

"ಕೊಡೋ ಮುಂಚೆ ಬಿಚ್ಚಿ ತೆಗೆದಿಟ್ಕೊಂಡೆ."

"ಸತ್ತೋರ ಹೆಸರಲ್ಲಿ ಕೊಟ್ಟಿದ್ರಲ್ಲೂ ಕದ್ದೆಯೇನೇ!"

"ಆ ಹೆಸರುಗಳು ಹೋಗಬಾರದು ಅಂತ, ಅತ್ತೆ. ಈಗ ಹೋಗಿ ಕಂಪ್ಯೂಟರ್ ವಾಪಸ್ ಕೇಳೋಣ್ವಾ?"

"ಬಾಯ್ಮುಚ್ಚು. ಕೊಟ್ಟಿದ್ದನ್ನ ವಾಪಸ್ ಕೇಳೋ ಮನೆತನ ಅಲ್ಲ ನಮ್ದು."

ಅಜ್ಜಿ ಡಿಸ್ಕನ್ನು ಕಸಿದುಕೊಂಡು ಹೊರಟೇಬಿಟ್ಟರು. ಸೊಸೆ ಹಿಂದೆಯೇ ಓಡಿದಳು.

"ಎಲ್ಲಿಗತ್ತೆ?"

"ಸ್ನಾನ ಮಾಡಿಸಿದೋರ ಮನೆಗೆ. ನೀನು ಉಳಿಸ್ಕೊಂಡಿದ್ದನ್ನೂ ಕೊಟ್ಟು ಬರೋಣ. ಅಲ್ಲೇ ಹಾಕ್ಲಿ, ಅಲ್ಲೇ ತೆರೀಲಿ. ದಾರೀಲಿ ಬರೆಯೋಕೆ ಒಂದು ದಪ್ಪ ಪುಸ್ತಕ ತಗೋ. ನಾನು ಓದ್ತೀನಿ, ನೀನು ಬರಿ."