ಕೌದಿ ಹಿಡಿದ ಕೈ

ಬಸವಂತ್ರಾಯ ಮಾಸ್ತರರಿಗೆ ಕದ್ದು ಕೇಳುವ ಚಾಳಿ ಇರಲಿಲ್ಲ. ಆದರೆ ಸುರಪುರದ ಬಸ್‌ನಿಲ್ದಾಣದಲ್ಲಿ ಕಕ್ಕೇರಾ ಬಸ್ಸು ತಡವಾದರೆ ಕಿವಿಯಾದರೂ ಏನು ಮಾಡೀತು? ಹಿಂದಿನ ಬೆಂಚಿನಲ್ಲಿ, ಹಳೇ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವ ಅಯ್ಯಮ್ಮ ಕೂತಿದ್ದಳು. ಪಕ್ಕದಲ್ಲಿ, ಆ ಕೌದಿಗಳ ಫೋಟೋ ತೆಗೆದು ಮೊಬೈಲಿನಲ್ಲೇ ಮಾರಿಕೊಡುವ ನೆರೆಮನೆಯ ತಸ್ಲೀಮಾ.

“ಫೋನ್ ಅಪ್‌ಡೇಟ್ ಆತು ಕಾಕಿ. ಫೋಟೋದಾಗ ಬ್ಯಾಡಾದ್ದು ಅಳಸೋದು ಇತ್ತಲ್ಲ, ಅದನ್ನ ತಗದ ಬಿಟ್ಟಾರ.”

“ಅಂದ್ರ, ಕೌದಿ ಹಿಡಕೊಂಡು ನಿಂತ ನಾನೂ ಬಂದೀನೇನು?”

“ನಿಮ್ಮ ಮಾರಿ ಕೌದಿ ಹಿಂದ ಐತ್ರಿ, ಬಂದಿಲ್ಲ. ಮ್ಯಾಲಿನ ಅಂಚಿನಾಗ ನಿಮ್ಮ ಎರಡೂ ಕೈ ಬಂದಾವ.”

“ಬೆರಳ ತುಂಬ ಸೂಜಿ ಚುಚ್ಚಿದ ಗಾಯ. ಇಂಥಾ ಕೈ ಯಾರ ನೋಡ್ತಾರ? ಕಳಸಬ್ಯಾಡ.”

“ಗಿರಾಕಿಗೋಳಿಗೆ ಕಳಸೇ ಬಿಟ್ಟೀನ್ರಿ. ಎರಡ ದಿನ ಹುಡುಕಿದೆ, ಬ್ಯಾರೆ ದಾರಿ ಕಾಣಲಿಲ್ಲ.”

ಅಯ್ಯಮ್ಮ ಕೈ ಒಳಗೆ ಎಳೆದುಕೊಂಡಳೇನೋ, ಹಿಂದೆ ಬಳೆಗಳ ಸದ್ದಾಯಿತು. ಮಾಸ್ತರರು ಪತ್ರಿಕೆಯ ಪುಟ ತಿರುವುವುದನ್ನೂ ಮರೆತರು.

“ಏನಂದ್ರು?” ಎಂದಳು ಅಯ್ಯಮ್ಮ.

“ಮಷಿನ್‌ನಾಗ ಹೊಲದದ್ದು ಅಂತ ಹೋದ ತಿಂಗಳ ಒಬ್ಬಾಕಿ ಬ್ಯಾಡಂದಿದ್ದಳಲ್ಲ, ಆಕಿನೇ ಈಗ ಎರಡು ಕೇಳ್ಯಾಳ. ಆ ಕೈ ನೋಡಿ ನಂಬಿಕಿ ಬಂತಂತ.”

“ಇಷ್ಟ ದಿನ ಅದನ್ನೇ ಅಳಸಿ ಕಳಸ್ತಿದ್ದೆಲ್ಲ.”

“ಚಂದ ಕಾಣ್ಲಿ ಅಂತ, ಕಾಕಿ.”

ಆ ಇಬ್ಬರೂ ಕಾಯುತ್ತಿದ್ದ ಶಹಾಪುರದ ಬಸ್ಸು ಬಂದು ನಿಂತಿತು. ಮಾಸ್ತರರು ಈಗ ನಾಚಿಕೆ ಬಿಟ್ಟು ತಿರುಗಿ ನೋಡಿದರು. ಅಯ್ಯಮ್ಮ ಸೆರಗಿನೊಳಗೆ ಅಡಗಿಸಿಕೊಂಡಿದ್ದ ಕೈಗಳನ್ನು ಹೊರಗೆ ತೆಗೆದು, ಬಾಗಿಲ ಕಂಬಿ ಹಿಡಿದು, ತಸ್ಲೀಮಾಳಿಗಿಂತ ಮೊದಲೇ ಹತ್ತಿದಳು.

“ನೂಲು ಆಮ್ಯಾಲ ತರೂಣು. ಇಳದ ಕೂಡಲೇ ಬಳಿ ಅಂಗಡಿಗೆ ನಡಿ,” ಎಂದಳು. “ಈ ಹಳೇ ಬಳಿ ಫೋಟೋಕ್ಕ ಆಗಂಗಿಲ್ಲ.”