ಎಳೆದಷ್ಟೂ ಬಿಗಿಯುವ ಗಂಟು

ಆಲದ ಮರದ ಬುಡದಲ್ಲಿ ಹಾಳು ಬಾವಿ ಇದೆಯಲ್ಲ, ಆ ದಾರಿಯಲ್ಲಿ ಕತ್ತಲಾದ ಮೇಲೆ ಯಾರೂ ನಡೆದು ಬರುವುದಿಲ್ಲ. ನಮ್ಮ ಚಿಕ್ಕಮ್ಮನ ಮಗಳು, ನನಗೆ ಅಕ್ಕನಾಗಬೇಕಾದವಳೂ ಅವತ್ತು ನಡೆದು ಬರಲಿಲ್ಲ. ಕಾರಿನಲ್ಲಿ ಬಂದಳು. ನಡೆದು ಬಂದಿದ್ದರೆ ಓಡಬಹುದಿತ್ತು... ಕಾರಿನೊಳಗೆ ಕೂತು ಎಲ್ಲಿಗೆ ಓಡುವುದು?

ಭಾವ ಮನೆಗಳಿಗೆ ಬಣ್ಣ ಹೊಡೆಸುವ ಕಾಂಟ್ರಾಕ್ಟರ್. ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಂಡ ಮೇಲೆ ಅವರ ತಲೆಯೂ ಆ ಗಾಡಿಯಷ್ಟೇ ಎತ್ತರವಾಗಿತ್ತು. ಅವತ್ತು ಬಣ್ಣ ಮುಗಿದ ಮನೆಯ ಯಜಮಾನರು ಒಂದು ಹಳೆಯ ಮರದ ಬೀರು ತೋರಿಸಿ, "ಬಾಗಿಲು ಬಿಗಿದುಕೊಂಡಿದೆ. ಎಷ್ಟೋ ವರ್ಷದಿಂದ ತೆರೆದಿಲ್ಲ. ಬೇಕಿದ್ದರೆ ಒಯ್ಯಿರಿ, ಇವತ್ತೇ ಒಯ್ಯಬೇಕು" ಅಂದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವವರ ಪೈಕಿ ನಮ್ಮ ಭಾವ. ಸಂಜೆ ಅಕ್ಕನನ್ನೂ ಎರಡು ವರ್ಷದ ಮಗುವನ್ನೂ ಕೂರಿಸಿಕೊಂಡು ರೂಫ್ ಕ್ಯಾರಿಯರ್ ಅಂಗಡಿಗೆ ಹೋದರು.

"ಆ ಬುಟ್ಟಿ ಥರದ್ದು ಹಾಕಿ. ನೋಡೋಕೆ ಜೋರಾಗಿದೆ" ಅಂದರು ಭಾವ.

"ಬುಟ್ಟಿ ಸೂಟ್‌ಕೇಸಿಗೆ ಸಾರ್, ಬೀರು ಅದರಲ್ಲಿ ಕೂರಲ್ಲ" ಅಂದ ಅಂಗಡಿಯವನು. "ನಿಮ್ಮ ಗಾಡಿ ಮೇಲಿರೋ ಉದ್ದ ಕಂಬಿಗೆ ಎರಡು ಅಡ್ಡ ಕಂಬಿ ಹಾಕಿಸಿ. ಭಾರ ಕಂಬಿ ಮೇಲೆ ಕೂರಬೇಕು, ತಗಡಿನ ಮೇಲಲ್ಲ. ಕಂಬಿ ತೂಕಾನೂ ಸೇರಿ ಎಪ್ಪತ್ತೈದು ಕೆಜಿ ದಾಟಬಾರದು. ಬೆಲ್ಟನ್ನ ಕಂಬಿಗೇ ಬಿಗೀರಿ. ಕಿಟಕಿ ಒಳಗಿಂದ ಮಾತ್ರ ಹಗ್ಗ ತರಬೇಡಿ. ಈ ಗಾಡಿಗೆ ಹೊಂದೋ ಕಂಬಿ ನಾಳೆ ಬರುತ್ತೆ."

"ನಾಳೆ ತನಕ ಯಾರು ಕಾಯ್ತಾರೆ? ನನ್ನ ಗಂಟು ನಂಬಿಕೊಂಡು ಆಳುಗಳು ಮೂರನೇ ಮಹಡೀಲಿ ನಿಂತು ಬಣ್ಣ ಹೊಡೀತಾರೆ!"

"ಅವರು ಹಗ್ಗದ ಹೊರಗಿರ್ತಾರೆ ಸಾರ್. ನೀವು ಒಳಗಿರ್ತೀರಿ."

ಭಾವ ಕೇಳಬೇಕಲ್ಲ. ನೇರ ಆ ಮನೆಗೆ ಹೋಗಿ, ಇಬ್ಬರು ಪೇಂಟರ್‌ಗಳನ್ನು ಹಿಡಿದು ಬೀರುವನ್ನು ಗಾಡಿಯ ಮೇಲೆ ಅಂಗಾತ ಮಲಗಿಸಿದರು. ಹಗ್ಗ ಬೀರುವಿನ ಬಾಗಿಲ ಮೇಲಿಂದ ಹಾದು, ಒಂದು ಕಿಟಕಿಯಲ್ಲಿ ಒಳಗೆ ಬಂದು, ಎದುರಿನದರಲ್ಲಿ ಹೊರಗೆ ಹೋಗಿ, ಮತ್ತೆ ಮೇಲಕ್ಕೆ. ಮುಂದಿನ ಕಿಟಕಿಗಳಿಗೆ ಎರಡು ಸುತ್ತು, ಹಿಂದಿನವಕ್ಕೆ ಎರಡು ಸುತ್ತು. ಡಿಕ್ಕಿ ಬಾಗಿಲಿಗೂ ಒಂದು.

"ಕಾರಿನ ಬಾಗಿಲೇ ತೆರೆಯಲ್ಲವಲ್ರೀ!" ಅಂದಳು ಅಕ್ಕ.

"ಮನೆ ಮುಂದೆ ಗಂಟು ಬಿಚ್ಚಿದರೆ ತೆರೆಯುತ್ತೆ. ಬಾಯಿ ಮುಚ್ಚಿಕೊಂಡು ಕಿಟಕೀಲಿ ತೂರು."

"ಮದುವೆಯಾಗಿ ಬಂದಾಗ ಬಾಗಿಲಿಂದಲೇ ಕರಕೊಂಡಿದ್ರಿ. ಈಗ ಕಿಟಕಿಗೆ ಬಂತು ನನ್ನ ಯೋಗ್ಯತೆ" ಅನ್ನುತ್ತಾ ಅಕ್ಕ ಗೋಣಿಚೀಲದ ಹಾಗೆ ಒಳಗೆ ಬಿದ್ದಳು. ಹಿಂದೆಯೇ ಭಾವ ತೂರಿದರು. ಹಗ್ಗದ ಎರಡು ತುದಿಗಳನ್ನೂ ಸೀಟಿನ ಮೇಲುಗಡೆ, ತಲೆಗೆ ತಾಗುವ ಹಾಗೆ ಬಿಗಿದು ಗಂಟು ಹಾಕಿದರು. ಮಗುವಿಗೆ ಚಳಿಯಾಗುತ್ತದೆಂದು ಗಾಜುಗಳನ್ನು ಹಗ್ಗಕ್ಕೆ ತಾಗುವವರೆಗೂ ಏರಿಸಿದರು. ಬೆರಳು ತೂರುವಷ್ಟು ಸಂದಿ ಉಳಿಯಿತು.

ಬಾವಿಯ ಪಕ್ಕ ಬರುತ್ತಿದ್ದಂತೆ ಎಂಜಿನ್ ಗುರ್... ಅಂದು ನಿಂತಿತು. ಕೀ ತಿರುಗಿಸಿದರೆ ಟಿಕ್. ಅಷ್ಟೇ. ದೀಪವಿಲ್ಲ. ಗಾಜಿನ ಗುಂಡಿ ಒತ್ತಿದರು, ಇಳಿಯಲಿಲ್ಲ. ಭಾವನ ಫೋನಿನಲ್ಲಿ ಚಾರ್ಜಿಲ್ಲ, ಅಕ್ಕನದರಲ್ಲಿ ಸಿಗ್ನಲ್ಲಿಲ್ಲ.

"ಗಂಟು ಬಿಚ್ಚಿ, ಇಳಿಯೋಣ" ಅಂದಳು ಅಕ್ಕ.

ಭಾವ ಕೈ ಎತ್ತಿ ಗಂಟಿಗೆ ಬೆರಳು ಹಾಕಿದರು. ಆಗ...

ಟಕ್.

ತಲೆಯ ಮೇಲೆ.

"ಮರದಿಂದ ಹಣ್ಣು ಬಿತ್ತು" ಪಿಸುಗುಟ್ಟಿದರು ಭಾವ.

ಟಕ್... ಟಕ್ ಟಕ್.

"ಹಣ್ಣು ಎಣಿಸಿಕೊಂಡು ಬೀಳುತ್ತಾ?"

ಬೆರಳ ಗೆಣ್ಣಿನಿಂದ ಮರ ತಟ್ಟುವ ಸದ್ದು ಅದು. ಹೊರಗಿನಿಂದ ತಟ್ಟಿದರೆ ತೆಳ್ಳಗೆ ಕೇಳುತ್ತದೆ. ಇದು ದಪ್ಪಗಿತ್ತು, ಒಳಗಿನಿಂದ ಬಂದ ಹಾಗೆ. ಆಮೇಲೆ ಹಗ್ಗ ಕಿರ್ರ್... ಅಂತ ಬಿಗಿಯಿತು. ಮೇಲೆ ಏನೋ ಬೆನ್ನು ಕೊಟ್ಟು ಏಳುತ್ತಿದೆ. ಗಂಟು ಭಾವನ ಬೆರಳನ್ನೇ ಕಚ್ಚಿಕೊಂಡಿತು. ಚರ್ಮ ಸುಲಿದುಕೊಂಡೇ ಬೆರಳು ಈಚೆ ಬಂದದ್ದು.

"ಏನು ಗಂಟುರೀ ಇದು?"

"ಸಾರವೆ ಗಂಟು, ಆಳುಗಳು ನಿಲ್ಲೋ ಅಟ್ಟಣಿಗೆಗೆ ಹಾಕೋದು... ಎಳೆದಷ್ಟೂ ಬಿಗಿಯುತ್ತೆ."

ಡೊಂಕ್. ಮೇಲಿನ ತಗಡು ಒಳಕ್ಕೆ ತಗ್ಗಿತು. ಭಾವ ಗಾಜಿಗೆ ಮೊಣಕೈಯಿಂದ ಗುದ್ದಿದರು. ಸೋತದ್ದು ಮೊಣಕೈ. ಡೊಂಕ್... ಡೊಂಕ್. ಈಗ ತಗಡು ಅಕ್ಕನ ನೆತ್ತಿಗೆ ತಾಗುತ್ತಿತ್ತು. ತಣ್ಣಗೆ. ಮಗುವನ್ನು ಸೀಟಿನ ಕೆಳಗೆ, ಕಾಲಿನ ಹತ್ತಿರ ಮಲಗಿಸಿ, ಅದರ ಮೇಲೆ ಸೇತುವೆಯ ಹಾಗೆ ಬಗ್ಗಿದಳು. ಕೂಸೊಂದು ಹೊರಗೆ ಹೋದರೆ ಸಾಕು, ತಾನು ಏನಾದರೂ ಆಗಲಿ. ಆದರೆ ಎಲ್ಲಿಂದ ಹೊರಗೆ? ಬೆರಳಿನಷ್ಟು ಸಂದಿಯಿಂದಲೇ?

ಬಗ್ಗಿದಾಗಲೇ ಅಕ್ಕನಿಗೆ ಹೊಳೆದದ್ದು. ಈ ಹಗ್ಗ ಬೀರುವಿನ ಬಾಗಿಲ ಮೇಲೂ ಹಾದಿದೆಯಲ್ಲ. ನಾವು ಇಲ್ಲಿ ಹೇಗೋ... ಅದೂ ಅಲ್ಲಿ ಹಾಗೇ.

ಅವಳು ತಗಡಿಗೆ ಬಾಯಿ ಹತ್ತಿರ ತಂದಳು.

"ನೋಡಿ... ಅಮ್ಮನೋ ಅಪ್ಪನೋ, ಯಾರೇ ಆಗಿರಿ. ನಿಮ್ಮನ್ನ ಕಟ್ಟಿದವರೇ ನನ್ನನ್ನೂ ಕಟ್ಟಿದ್ದು. ನೀವು ತಳ್ಳಿದಷ್ಟೂ ಗಂಟು ಬಿಗಿಯುತ್ತೆ. ಒಂದು ಗಳಿಗೆ ಸುಮ್ಮನೆ ಮಲಗಿ. ನಾನು ಬಿಚ್ಚುತ್ತೀನಿ. ಇಲ್ಲಿ ಕೂಸಿದೆ..."

"ಯಾರ ಹತ್ರ ಮಾತಾಡ್ತಿದ್ದೀಯೇ?" ಅಂದರು ಭಾವ.

"ನಿಮಗಿಂತ ಮಾತು ಕೇಳೋರ ಹತ್ರ. ಸುಮ್ನಿರಿ."

ಸದ್ದಿಲ್ಲ... ಆಲದ ಎಲೆಯೂ ಅಲುಗಲಿಲ್ಲ. ಹಗ್ಗ ನಿಧಾನವಾಗಿ, ಉಸಿರು ಬಿಟ್ಟ ಹಾಗೆ, ಒಂದು ಬೆರಳಷ್ಟು ಸಡಿಲವಾಯಿತು.

ಅಕ್ಕ ಉಗುರು ಹಾಕಿದಳು. ಹಲ್ಲು ಹಾಕಿದಳು. ಬಾಯಿ ತುಂಬ ಬಣ್ಣದ ವಾಸನೆ. ಒಂದು ಎಳೆ ಬಂತು. ಇನ್ನೊಂದು ಬರುವಷ್ಟರಲ್ಲಿ...

ಟಕ್ ಟಕ್!

"ತಡೀರಿ ಅಂದೆನಲ್ಲ! ಗಂಟು ಹಾಕಿದ್ದು ನಾನಾ?"

ಅದು ತಡೆಯಿತು. ಹೌದು, ತಡೆಯಿತು. ಗಂಟು ಬಿಚ್ಚಿಕೊಂಡಾಗ ಹಗ್ಗವನ್ನು ಯಾರೂ ಎಳೆಯಲಿಲ್ಲ. ತಾನಾಗಿಯೇ ಕಿಟಕಿಯ ಸಂದಿಯಿಂದ ಸರ್ರ್... ಅಂತ ಮೇಲಕ್ಕೆ ಹೋಯಿತು. ಅಕ್ಕ ಬಾಗಿಲು ಒದ್ದಳು. ತೆರೆಯಿತು. ಮಗುವನ್ನು ಎದೆಗವಚಿಕೊಂಡು ಇಳಿದವಳು ಚಪ್ಪಲಿಯನ್ನೂ ಹುಡುಕಲಿಲ್ಲ. ಭಾವ ಅವಳಿಗಿಂತ ಮುಂದಿದ್ದರು, ಅದನ್ನು ಬೇರೆ ಹೇಳಬೇಕೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಬೀರುವಿನ ಬಾಗಿಲ ಹಳೆಯ ತಿರುಗಣಿ ಕೀ...ಚ್ ಅಂದಿತು. ಗಾಡಿಯ ಆಚೆ ಬದಿಯಲ್ಲಿ ಜಲ್ಲಿ ಸರಕ್ ಅಂದಿತು. ಒಂದೇ ಸಲ. ಇಬ್ಬರೂ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಬಡಗಿಯನ್ನು ಕರೆದುಕೊಂಡು ಹೋದರು. ಬೀರು ಮೇಲೆಯೇ ಇತ್ತು, ಬಾಗಿಲು ಬಾಯಿ ತೆರೆದುಕೊಂಡು. ಒಳಗೆ ಬಟ್ಟೆಯಿಲ್ಲ, ಹಲಗೆಯಿಲ್ಲ, ಒಂದು ಮೊಳೆಯೂ ಇಲ್ಲ. ಬಡಗಿ ಬಾಗಿಲನ್ನು ಮಗುಚಿ ಅದರ ಒಳಬದಿಯ ಮೇಲೆ ಕೈಯಾಡಿಸಿದ.

"ನಲವತ್ತು ವರ್ಷದಿಂದ ಬೀರು ಮಾಡ್ತಿದ್ದೀನಿ ತಾಯಿ. ಒಳಗಡೆಗೆ ಚಿಲಕ ಹಾಕಿ ಅಂತ ಯಾರೂ ಹೇಳಿಲ್ಲ."

ನಗುವವರು ನಗಲಿ. ನಡೆದದ್ದು ನಡೆದ ಹಾಗೆಯೇ ಹೇಳಿದ್ದು, ಒಂದು ಅಕ್ಷರ ಸೇರಿಸಿಲ್ಲ. ಆ ಬಾಗಿಲು ಈಗಲೂ ಬಡಗಿಯ ಅಂಗಡಿಯ ಗೋಡೆಗೆ ಒರಗಿದೆ, ಹೋಗಿ ನೋಡಬಹುದು. ಅದರ ಹಿತ್ತಾಳೆಯೆಲ್ಲ ಕಪ್ಪಾಗಿದೆ. ಚಿಲಕದ ಹಿಡಿ ಮಾತ್ರ ಹಿಡಿದು ಹಿಡಿದು ಸವೆದು, ಹೊಳೆಯುತ್ತಿದೆ.